ರಾಚಮ್ಮ ಟೀಚರ್ ಕೊಟ್ಟ ದಪ್ಪ ಕಾದಂಬರಿ

ರಾಚಮ್ಮ ಟೀಚರಿಗೆ ದಡ್ಡ ಮಕ್ಕಳ ಮೇಲೆ ಸಿಟ್ಟಿರಲಿಲ್ಲ. ಜಾಣ ಮಕ್ಕಳ ಕೈಗೆ ಸಲೀಸಾದ ಪುಸ್ತಕ ಕೊಟ್ಟು ಕೂರಿಸುವ ಮೇಷ್ಟರುಗಳನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. "ಹಲ್ಲು ಬಂದ ಮಗೂಗೆ ಇನ್ನೂ ಗಂಜಿ ಕುಡಿಸ್ತಾ ಕೂತಿದ್ದೀರಲ್ರೀ!" ಎಂದು ಸ್ಟಾಫ್ ರೂಮಿನಲ್ಲೇ ಜಾಡಿಸುತ್ತಿದ್ದರು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಅಲ್ಲಿಂದ ದಿನಾ ಗುಂಡ್ಲುಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುವಾಗ ಚೀಲದ ತುಂಬ ಕಾದಂಬರಿ. ಕ್ಲಾಸಿನಲ್ಲಿ ಒಂದು ಪುಟ ತಾವೇ ಓದುವರು. ಯಾರೂ ನಡುವೆ ತಡೆದು ಪ್ರಶ್ನೆ ಕೇಳದಿದ್ದರೆ ಆ ಪುಸ್ತಕ ಸಲೀಸಾಯಿತೆಂದು ವಾಪಸ್ ಚೀಲಕ್ಕೆ.

ಒಂಬತ್ತನೇ ಕ್ಲಾಸಿನ ಪುಟ್ಟಿಗೆ ಕೊಟ್ಟಿದ್ದು ದಪ್ಪನೆಯದೊಂದು. ಅದರಲ್ಲಿ ಸೊಸೆಯೊಬ್ಬಳು, ಹೊಡೆಯಲು ಬಂದ ಮಾವನ ಕೈ ತಿರುಚಿ, ತಾಳಿ ಕಿತ್ತಿಟ್ಟು ಮನೆ ಬಿಡುತ್ತಾಳೆ. ಸುದ್ದಿ ಯಾರ ಬಾಯಿಂದಲೋ ಪುಟ್ಟಿಯ ಅಪ್ಪನ ಕಿವಿಗೆ ಬಿತ್ತು. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ನಂಜುಂಡಪ್ಪ, ಅಕ್ಷರ ಕಾಣದವನು, ಶಾಲೆಗೆ ನುಗ್ಗಿದ.

"ನನ್ ಮಗ್ಳಿಗೆ ಮನೆ ಬುಟ್ಟು ಓಡೋಗದ ಕಲಿಸ್ತಿದ್ದೀಯೇನವ್ವ? ನಾಳಿಂದ ಇವ್ಳು ಬರಾಕಿಲ್ಲ. ಈರುಳ್ಳಿ ಆಯಕ್ ಓಯ್ತಾಳೆ."

"ಏನಿದೆ ಅಂತ ಓದಿಸಿ ಕೇಳಿದ್ದೀಯೇನಯ್ಯ?"

"ಕೇಳ್ತೀನಿ ಕಣಮ್ಮ! ನಮ್ ಬೀದೀಲಿ ನಾಕ್ ಜನದ್ ಮುಂದೆ ಅವ್ಳೇ ಓದ್ಲಿ. ಕೆಟ್ಟದ್ದು ಬಂತೋ, ಪುಸ್ತಕ ಒಲೆಗೆ, ಇವ್ಳು ಮಂಡಿಗೆ."

ಹೆಡ್‌ಮಾಸ್ಟರ್ ಗಂಗಾಧರಸ್ವಾಮಿ "ನೀವುಂಟು ಅವರುಂಟು" ಎಂದು ರೂಮು ಸೇರಿಕೊಂಡರು. ಥೂ, ಇವರೂ ಒಬ್ಬ ಗಂಡಸು ಅಂದುಕೊಂಡರು ರಾಚಮ್ಮ.

ಆ ಬೀದಿಯವರಿಗೆ ಶ್ರಾವಣದಲ್ಲಿ ಗುಡಿ ಜಗಲಿಯ ಮೇಲೆ ಪುರಾಣ ಓದಿಸಿ ರೂಢಿ. ಪುಸ್ತಕ ಅಂದರೆ ಅವರಿಗೆ ಅದೊಂದೇ. ಹಾಗಾಗಿ ಪಕ್ಕದ ಮನೆಯ ಮುದುಕಿ ಚಿಕ್ಕನಿಂಗಮ್ಮ ಕಾದಂಬರಿಯ ರಟ್ಟಿಗೂ ಅರಿಸಿನ ಕುಂಕುಮ ಹಚ್ಚಿ, ಊದುಗಡ್ಡಿ ಸಿಕ್ಕಿಸಿ, ಕೈಮುಗಿದು ಕೂತಳು. ನಂಜುಂಡಪ್ಪ ತಡೆಯಲೂ ಆಗದೆ ಹಲ್ಲು ಕಡಿದ.

ಪುಟ್ಟಿ ಅದೇ ಜಗಲಿಯ ಮೇಲೆ ಕೂತು ಓದಿದಳು. ಬಸ್ಸು ತಪ್ಪಿದರೂ ಸರಿ ಎಂದು ರಾಚಮ್ಮ ಕಂಬಕ್ಕೊರಗಿ ಕೂತಿದ್ದರು. ಸೊಸೆ ಮನೆ ಬಿಡುವ ಪುಟ ಬಂತು. ಅವರು ಕಂಬ ಬಿಟ್ಟು ನೆಟ್ಟಗೆ ಕೂತರು. ಹುಡುಗಿಯ ದನಿ ಮಾತ್ರ ಅಲುಗಲಿಲ್ಲ. ಸೊಸೆ ಮಾವನ ಕಾಲಿಗೆ ಬಿದ್ದು, ಗೌರಿಹಬ್ಬಕ್ಕೆ ತವರಿಗೆ ಹೊರಟಳು. ಅತ್ತೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದಳು. ಗಾಡಿ ಮರೆಯಾಗುವ ತನಕ ಮಾವ ಬಾಗಿಲಲ್ಲೇ ನಿಂತಿದ್ದ. ಪುಟದಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

"ಎಂಥಾ ಮಾವ ಕಣವ್ವ, ಪುಣ್ಯವಂತ!" ಎಂದು ಚಿಕ್ಕನಿಂಗಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ನಂಜುಂಡಪ್ಪ ಟವಲ್ ಕೊಡವಿ ಎದ್ದ. "ಯಾವನೋ ಒಟ್ಟೆಕಿಚ್ಚಿಗೆ ಏಳ್ಬುಟ್ಟವ್ನೆ. ಓದ್ಲಿ ಬುಡಿ, ಒಳ್ಳೇ ಕತೆ. ಇಸ್ಕೂಲ್ಗೂ ಓಗ್ಲಿ."

ಗೆದ್ದೆವೆಂದು ಹಿಗ್ಗಬೇಕಾದ ರಾಚಮ್ಮನಿಗೆ ಸಿಟ್ಟು ನೆತ್ತಿಗೇರಿತು. ಊರನ್ನೆಲ್ಲ ಎದುರು ಹಾಕಿಕೊಂಡದ್ದೇ ಆ ಪುಟಕ್ಕಾಗಿ. ಹುಡುಗಿಯ ರಟ್ಟೆ ಹಿಡಿದು ಗುಡಿಯ ಹಿಂದಕ್ಕೆ ಎಳೆದೊಯ್ದರು.

"ಆ ಪುಟ ಯಾಕ್ ನುಂಗಿದ್ಯೇ? ಅಪ್ಪಂಗೆ ಹೆದರಿಬಿಟ್ಯಾ?"

"ಇಲ್ಲ ಮಿಸ್. ಅವ್ರಿಗೆ ಅದಿನ್ನೂ ಕಷ್ಟ ಆಯ್ತದೆ," ಅಂದಳು ಪುಟ್ಟಿ. "ಅದ್ಕೇ ಮೊದ್ಲು ಸುಲಬದ್ದು ಕೊಟ್ಟೆ."