ನಾಲ್ಕನೇ ಹಾಡಿನಲ್ಲಿ ನಮ್ಮ ಮಾಮಾ

ಕಳೆದ ತಿಂಗಳು ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಇಯರ್‌ಫೋನ್ ಕಿತ್ತು ನನ್ನ ಕಡೆ ಚಾಚಿದಳು. "ಸರ್, ಈ ನಾಲ್ಕನೇ ಹಾಡು ಕೇಳ್ರಿ. ಗಿಟಾರು, ಡ್ರಮ್ಮು ಎಲ್ಲಾ ನಿಂತ ಮ್ಯಾಲ ಮಂದಿಯೊಳಗಿಂದ ಯಾರೋ ಹಿರ್ಯಾರು ಪದಾ ಎತ್ತತಾರ ನೋಡ್ರಿ. ಮೈ ಜುಮ್ ಅಂತೈತಿ."

ಕೇಳಿದೆ. ನನಗೆ ಮೈ ಜುಮ್ ಅನ್ನಲಿಲ್ಲ. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದೆ.

ಆ ದನಿ ನಮ್ಮ ಮಾಮಾರದು. (ಮಾಮಾ ಅಂದರೆ ನನ್ನ ಅಕ್ಕನ ಗಂಡ.) ಅದರ ಬೆನ್ನಿಗೇ ಪಿಸುಗುಡುವ ಇನ್ನೊಂದು ದನಿ ಇದೆ. ಅದು ನನ್ನದು.

ಆ ಹಾಡಿನ ರಾಕ್ ಗಾಯಕ ನಮ್ಮ ಉಗಾರದ ಹುಡುಗ. ಸಕ್ಕರೆ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ಬೆಳೆದು, ಊರು ಬಿಟ್ಟು ಹೆಸರು ಮಾಡಿದವನು. ಹೋದ ಚಳಿಗಾಲ ತನ್ನೂರಿನಲ್ಲೇ ಹಾಡಬೇಕೆಂದು ಹಟ ಹಿಡಿದು ಬಂದ. ಕಬ್ಬು ಕಟಾವಾದ ದೊಡ್ಡ ಹೊಲವನ್ನು ಸಮ ಮಾಡಿ ಸ್ಟೇಜ್ ಹಾಕಿದ್ದರು. ಅಥಣಿ, ರಾಯಬಾಗ, ಮಿರಜ್ ಕಡೆಯಿಂದೆಲ್ಲ ಟ್ರ್ಯಾಕ್ಸು ಜೀಪು ತುಂಬಿಕೊಂಡು ಜನ ಬಂದಿದ್ದರು. ಅವತ್ತಿನ ರೆಕಾರ್ಡಿಂಗೇ ಈಗ ಲೈವ್ ಆಲ್ಬಮ್ ಆಗಿದೆ.

ನನಗೆ ಮುಂದಿನ ಸಾಲಿನ, ಜನರ ದನಿ ಹಿಡಿಯುವ ಮೈಕಿನ ಪಕ್ಕದ ಎರಡು ಪಾಸು ಸಿಕ್ಕಿದ್ದವು. (ಅಂಕಣ ಬರೆಯುವವನಿಗೆ ಸಿಗುವುದು ಅಷ್ಟೇ.) ಹಳೆಯ ತತ್ವಪದವೊಂದನ್ನು ಹಾಡುತ್ತಾನೆ ಅಂತ ಸುದ್ದಿ ಇತ್ತು, ಹಾಗಾಗಿ ಮಾಮಾರನ್ನು ಕರೆದುಕೊಂಡು ಹೋದೆ. ಮಾಮಾ ಬೋರಗಾಂವದಲ್ಲಿ ಪವರ್‌ಲೂಮ್ ನಡೆಸುತ್ತಾ ಜೀವನ ಕಳೆದವರು. ಮಗ್ಗಗಳ ಖಟಖಟ ಸದ್ದನ್ನು ದಾಟಿ ರಸ್ತೆಗೆ ಕೇಳಿಸುವಂಥ ದನಿ. ಸೋಮವಾರ ಸಂಜೆ ಭಜನೆಗೆ ಹೋಗದೆ ಉಳಿದದ್ದು ನಾನು ಕಂಡಿಲ್ಲ. ಆದರೆ ಮುಂದೆ ಕೂತು ಹಾಡಿದವರಲ್ಲ. ಯಾವಾಗಲೂ ಹಿಮ್ಮೇಳ.

ಹಿಮ್ಮೇಳಕ್ಕೊಂದು ಕಟ್ಟುಪಾಡಿದೆ. ಮುಂದಿನವನು ಸಾಲು ಹಾಡಿ ನಿಲ್ಲಿಸಿದ ಕೂಡಲೇ ಹಿಂದಿನವರು ಅದನ್ನು ಎತ್ತಿಕೊಳ್ಳಬೇಕು. ಎತ್ತಲಿಲ್ಲವೋ, ಹಾಡಿದವನಿಗೆ ಅವಮಾನ.

ಹುಡುಗ ಆ ತತ್ವಪದ ಹಾಡಿದ. ಚೆನ್ನಾಗಿಯೇ ಹಾಡಿದ. ಸಾಲು ಮುಗಿಯುತ್ತಿದ್ದಂತೆ ವಾದ್ಯಗಳೆಲ್ಲ ಒಮ್ಮೆಲೇ ನಿಂತವು. ಅವನು ಕಣ್ಣು ಮುಚ್ಚಿ ನಿಂತ. ಅಷ್ಟು ದೊಡ್ಡ ಹೊಲದಲ್ಲಿ ಒಂದು ಕೆಮ್ಮೂ ಇಲ್ಲ. ಅದು ಬೇಕೆಂದೇ ಮಾಡಿದ ಮೌನ ಅಂತ ನನ್ನಂಥವರಿಗೆ ಗೊತ್ತು. ಮಾಮಾರಿಗೆ ಹೇಗೆ ಗೊತ್ತಾಗಬೇಕು?

ಮಾಮಾ ಎತ್ತಿಕೊಂಡರು. ಎದೆ ತುಂಬಿ, ಒಬ್ಬರೇ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ಸೋಫಾದಲ್ಲಿದ್ದ ಸಾಹೇಬರೊಬ್ಬರು ತಿರುಗಿ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾಮಾರ ಮುಂಗೈ ಹಿಡಿದು ಜಗ್ಗಿದೆ. "ಸುಮ್ಮನಿರ್ರಿ. ಇದು ಭಜನಿ ಅಲ್ಲ."

ಅವರು ಸಾಲಿನ ನಡುವೆಯೇ ನಿಲ್ಲಿಸಿದರು.

ವಾಪಸ್ ಬರುವಾಗ ಅಂಕಲಿಯಲ್ಲಿ ಚಹಾ ಕುಡಿದೆವು. ಮಾಮಾ ಗ್ಲಾಸು ಕೆಳಗಿಟ್ಟು ಕೇಳಿದರು. "ಅಲ್ಲೋ ತಮ್ಮಾ, ಅಂವ ಪದಾ ಬಿಟ್ಟು ನಿಂತಾನ. ಅಷ್ಟು ಮಂದಿಯೊಳಗ ಒಬ್ಬರರೆ ಎತ್ತಬಾರದಾ? ಆ ಹುಡುಗಗ ಎಷ್ಟು ಕೆಟ್ಟ ಅನಿಸಿರಬೇಕು!"

ಅವರಿಗೆ ತಮಗಾದ ಅವಮಾನದ ಚಿಂತೆಯೇ ಇರಲಿಲ್ಲ. ನಾನು ನಕ್ಕು ಚಹಾದ ದುಡ್ಡು ಕೊಟ್ಟೆ.

ಯೋಚಿಸಿ ನೋಡಿ, ನಾವು ಹೀಗೆ ಬಾಯಿ ಮುಚ್ಚಿಸುವುದು ಯಾರನ್ನು? ರಸ್ತೆಯಲ್ಲಿ ಕರ್ಕಶ ಹಾರ್ನ್ ಹೊಡೆಯುವವನನ್ನು ಅಲ್ಲ. ಸಭೆಯಲ್ಲಿ ಗಂಟೆಗಟ್ಟಲೆ ಕೊರೆಯುವ ಮುಖ್ಯ ಅತಿಥಿಯನ್ನಂತೂ ಅಲ್ಲವೇ ಅಲ್ಲ. ಏಸಿ ಹೋಟೆಲಿನಲ್ಲಿ ಅಮ್ಮ ಜೋರಾಗಿ ನಕ್ಕರೆ ಮಾತ್ರ ನಮಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ನಮ್ಮವರ ದನಿ ನಮ್ಮ ಮರ್ಯಾದೆ ಕಳೆಯುತ್ತದೆ ಅಂತ ನಮಗೆ ಹೇಳಿಕೊಟ್ಟವರು ಯಾರು?

ಬೇಸಿಗೆಯಲ್ಲಿ ಮಾಮಾರ ಗಂಟಲು ಕಟ್ಟಿತು. ಔಷಧಿಗೆ ಬಗ್ಗಲಿಲ್ಲ. ಮಿರಜಿನ ಡಾಕ್ಟರು ಕ್ಯಾನ್ಸರ್ ಅಂದರು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಮಾಮಾ ಏನೇ ಹೇಳಬೇಕಾದರೂ ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಾರೆ.

ಅಕ್ಕ ಮೊಬೈಲು ಹಿಡಿದು ಗಂಡನ ದನಿ ಹುಡುಕಿದಳು. ಭಜನೆಯ ವಿಡಿಯೋಗಳೇನೋ ಇವೆ. ಆದರೆ ಹಿಮ್ಮೇಳದಲ್ಲಿ ಎಂಟು ಮಂದಿಯ ದನಿ ಕೂಡಿರುತ್ತದೆ. ಅದರಲ್ಲಿ ಒಬ್ಬರದನ್ನು ಬಿಡಿಸಿಕೊಳ್ಳುವುದು ಹೇಗೆ? ಮಾಮಾ ಒಬ್ಬರೇ ಹಾಡಿದ್ದು, ಅದು ದಾಖಲಾಗಿ ಉಳಿದದ್ದು, ಆ ಅರ್ಧ ಸಾಲು ಮಾತ್ರ. ಆಲ್ಬಮ್ಮಿನಲ್ಲಿ ಆ ಹಾಡಿನ ಕೆಳಗೆ ಹುಡುಗ ಬರೆದುಕೊಂಡಿದ್ದಾನೆ: ಈ ಹಿರಿಯರು ಯಾರೋ ಗೊತ್ತಿಲ್ಲ, ಇವರು ಎತ್ತಿಕೊಂಡಾಗಲೇ ನಾನು ಊರಿಗೆ ಬಂದೆ ಅನ್ನಿಸಿದ್ದು.

ಅವನು ಆ ದನಿಯನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದಾನೆ. ನಾನು ಅದರ ಕತ್ತು ಹಿಚುಕಿದ್ದೆ.

ರೆಕಾರ್ಡಿಂಗ್ ಮಾಡಿದವರ ನಂಬರ್ ಹುಡುಕಿ ಫೋನ್ ಮಾಡಿದೆ. ಆ ಪಿಸುಮಾತು ತೆಗೆಯಲು ಬರುತ್ತದಾ ಅಂತ ಕೇಳಿದೆ. ಅವರು ಅದನ್ನು ಮತ್ತೊಮ್ಮೆ ಕೇಳಿ ಹೇಳಿದರು. "ತಗೀಬಹುದ್ರಿ ಸರ್. ಆದರ ಅದನ್ನ ತಗದರೂ ಮುಂದ ಪದಾ ಇಲ್ಲಲ್ರಿ. ಅವರು ಅಲ್ಲಿಗೇ ನಿಲ್ಲಿಸ್ಯಾರ."

ಹೋದ ಭಾನುವಾರ ಬೋರಗಾಂವಕ್ಕೆ ಹೋಗಿ ಅಕ್ಕನಿಗೆ ಆ ಹಾಡು ಕೇಳಿಸಿದೆ. ಅವಳು ಕೈಯಲ್ಲಿದ್ದ ಜೋಳದ ಮೊರ ಬಿಟ್ಟು ನೆಲಕ್ಕೆ ಕೂತಳು. ಮತ್ತೆ ಹಾಕು ಅಂದಳು. ಮತ್ತೆ ಹಾಕು. ನಾಲ್ಕನೆಯ ಸಲಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಿಟ್ಟಿಗೆದ್ದಳು. "ಚಂದಂಗಿ ಹಾಡಾಕತ್ತಿದ್ರಲ್ಲೋ ತಮ್ಮಾ! ನಡುವ ಯಾವನೋ ಅಂವ, ಬಾಯಿ ಮುಚ್ಚಿಸಿದಾಂವ?"

ಪಿಸುದನಿ ಯಾರದೆಂದು ಅವಳಿಗೆ ಗುರುತು ಸಿಕ್ಕಿರಲಿಲ್ಲ. ಮಾಮಾ ನನ್ನ ಮುಖ ನೋಡಿದರು. ಪಾಟಿ ಎಳೆದುಕೊಂಡು ಬರೆದು ಅವಳ ಮುಂದೆ ಹಿಡಿದರು: "ಯಾರೋ ಏನೋ. ಗದ್ದಲಿತ್ತು."

ಗದ್ದಲ ಇರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ತಲೆ ತಗ್ಗಿಸಿ ಕೂತೆ. ಅಕ್ಕ ವಾರವಾರವೂ ಈ ಅಂಕಣ ಓದುತ್ತಾಳೆ, ಇವತ್ತೂ ಓದುತ್ತಾಳೆ ಅನ್ನುವ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮಾಮಾರ ದನಿಯನ್ನು ಡಾಕ್ಟರು ತೆಗೆದರು, ಸರಿ. ಅಕ್ಕ ಕೇಳಿದಾಗ ನನ್ನ ದನಿಗೆ ಏನಾಗಿತ್ತು?