ಸೋದರತ್ತೆ ಅಳಿಸಿದ ಗೆರೆ

ನನ್ನ ಸೋದರತ್ತೆಯ ಎಡಗೆನ್ನೆಯಿಂದ ಕುತ್ತಿಗೆಯವರೆಗೆ ನೇರಳೆ ಶಾಯಿಯ ಗೆರೆಗಳಿದ್ದವು. ದರ್ಜಿ ಬಟ್ಟೆ ಕತ್ತರಿಸುವ ಮುಂಚೆ ಗುರುತು ಹಾಕಿಕೊಂಡ ಹಾಗೆ. ಕರೆಂಟು ಆ ಗೆರೆಯೊಳಗೇ ಬೀಳಬೇಕು, ಮುಗಿಯುವವರೆಗೆ ನೀರು ಸೋಕಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ವಿಕಿರಣ ಚಿಕಿತ್ಸೆ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ‘ಕರೆಂಟ್ ಇಡೋದು’ ಅಷ್ಟೇ.

ಅತ್ತೆ ಗೌರಿಬಿದನೂರು ಕಡೆಯ ಹಳ್ಳಿಯವರು. ಹೊಗೆಸೊಪ್ಪಿನ ಕಡ್ಡಿಪುಡಿಯನ್ನು ದವಡೆಯಲ್ಲಿ ಒತ್ತಿಕೊಂಡೇ ಊರೆಲ್ಲವನ್ನೂ ಗೇಲಿ ಮಾಡುತ್ತಿದ್ದವರು. ಕೆನ್ನೆಯ ಹುಣ್ಣಿಗೆ ಯಶವಂತಪುರದ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಅಲ್ಲಿ ದುಡ್ಡಿದ್ದವರಿಗೆ ಎಲ್ಲವೂ ಇತ್ತು, ಕರೆಂಟ್ ಇಡುವ ಮಿಷನ್ ಒಂದು ಬಿಟ್ಟು. ಅತ್ತೆಯ ಊರಿನ ಕಡೆಯಂತೂ ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ. ಹಾಗಾಗಿ ಕರೆಂಟಿಗೆ ಸಿಟಿಯ ಸರ್ಕಾರಿ ಆಸ್ಪತ್ರೆ, ಉಳಿಯಲು ಹೆಬ್ಬಾಳದ ನಮ್ಮ ಮನೆ. ಮಾವ ಊರಲ್ಲಿ ರೇಷ್ಮೆಹುಳು ನೋಡಿಕೊಂಡಿದ್ದರು. ಅತ್ತೆ ಸೆರಗು ಕೆನ್ನೆಗೆ ತಾಗದ ಹಾಗೆ ಹಿಡಿದು ಬಸ್ಸು ಹತ್ತುತ್ತಿದ್ದರು. ಕಂಡಕ್ಟರು ದಿಟ್ಟಿಸಿದರೆ, "ಏನ್ ನೋಡ್ತೀಯಪ್ಪ, ನಕ್ಷೆ ಬರ್ದವ್ರೆ, ಸೈಟ್ ಮಾಡಿ ಮಾರ್ತಾರಂತೆ" ಅನ್ನುವರು.

ಆಗಲೇ ನನಗೆ ಅಲ್ಲಾಳಸಂದ್ರದ ಸಂಬಂಧ ಕೂಡಿಬಂತು. ಅದಕ್ಕೆ ಮುಂಚಿನ ಸಂಬಂಧಗಳು ಬಾಗಿಲವರೆಗೆ ಬಂದು ತಪ್ಪಿದ್ದವು. ಮದುವೆ ಒಪ್ಪಂದದ ದಿನ ಗಂಡಿನವರ ಮುಂದೆ ಆರತಿ ಎತ್ತುವವರು ನಮ್ಮಲ್ಲಿ ಸೋದರತ್ತೆಯೇ. "ಕ್ಯಾನ್ಸರ್ ಇರೋ ಮನೆ ಹೆಣ್ಣು ಅಂದ್ರೆ ಯಾರ್ ಮಾಡ್ಕೋತಾರೆ?" ಎಂದು ಅಮ್ಮ ಒಲೆ ಮುಂದೆ ಗೊಣಗಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು.

ಒಪ್ಪಂದದ ಬೆಳಿಗ್ಗೆ ಬಚ್ಚಲಿಂದ ಬಂದ ಅತ್ತೆಯ ಕೆನ್ನೆ ಸುಲಿದ ಹಾಗೆ ಕೆಂಪಗಿತ್ತು. ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಉಜ್ಜಿದ್ದರು. ಗೆರೆಗಳಿರಲಿಲ್ಲ.

"ಅತ್ತೆ, ಡಾಕ್ಟ್ರು ಬೈಯಲ್ವಾ?"

"ಸಾವಿರ ಸುಳ್ಳು ಏಳಿ ಒಂದ್ ಮದ್ವೆ ಮಾಡು ಅಂತಾರೆ. ನಾವ್ ಒಂದೇ ಏಳ್ತಾ ಇರೋದು ಕಣೇ. ನಾಳೆ ಓಗಿ ತಿರ್ಗಾ ಬರ್ಸ್ಕೊಂಡ್ರಾಯ್ತು. ನೀನ್ ಓಗಿ ಸೀರೆ ಉಟ್ಕೋ."

ನಾನು ಹೋಗಿ ಸೀರೆ ಉಟ್ಟುಕೊಂಡೆ. ಅತ್ತೆ ಆರತಿ ಎತ್ತಿದರು, ಯಾರೂ ಏನೂ ಕೇಳಲಿಲ್ಲ, ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಮರುದಿನ ಆಸ್ಪತ್ರೆಯಲ್ಲಿ ಗೆರೆಯಿಲ್ಲದ ಅತ್ತೆಯನ್ನು ಮಿಷನ್ ಕೆಳಗೆ ಮಲಗಿಸಲಿಲ್ಲ. ಹೊಸದಾಗಿ ಅಳತೆ ತೆಗೆಯಬೇಕು, ಅದಕ್ಕೆ ದೊಡ್ಡ ಡಾಕ್ಟರು ರಜೆಯಿಂದ ಬರಬೇಕು. ಅವರು ಬರುವಷ್ಟರಲ್ಲಿ ಮಿಷನ್ ಕೆಟ್ಟಿತು. ಅಪ್ಪ ನರ್ಸಿಂಗ್ ಹೋಮಿಗೆ ಓಡಿದರು. ಅಲ್ಲಿಯವರು ಮತ್ತೆ ಅದೇ ಸರ್ಕಾರಿ ಆಸ್ಪತ್ರೆಗೇ ಹೋಗಿ ಎಂದರು. ಕರೆಂಟು ಮತ್ತೆ ಶುರುವಾಗುವ ಹೊತ್ತಿಗೆ ವಾರಗಳು ಕಳೆದು ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಅತ್ತೆ ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದರು. ಆ ವರ್ಷದ ಗೌರಿ ಹಬ್ಬಕ್ಕೆ ಇರಲಿಲ್ಲ. ಗೆರೆ ಅಳಿಸದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ನನ್ನ ಗಂಡನ ತಾಯಿ ಕೇಳಿದರು: "ನಿಮ್ ಸೋದ್ರತ್ತೆ ಒಪ್ಪಂದದ ದಿನ ಯಾಕಮ್ಮ ಕೆನ್ನೆ ಅಂಗ್ ಉಜ್ಕೊಂಡಿದ್ರು? ಕಿವಿ ಇಂದೆ ಗೆರೆ ಇನ್ನೂ ಇತ್ತು. ನಮ್ಮಕ್ಕಂಗೂ ಅಂಗೇ ಬರ್ದಿದ್ರಲ್ಲ, ನೋಡ್ತಿದ್ದಂಗೇ ಗೊತ್ತಾಯ್ತು."

"ಗೊತ್ತಿದ್ದೂ ಒಪ್ಕೊಂಡ್ರಾ?"

"ಕಾಯ್ಲೆ ಯಾರಿಗ್ ಬರಲ್ಲ? ಕೇಳಿದ್ರೆ ಅವ್ರಿಗ್ ನಾಚ್ಕೆ ಆಯ್ತದೆ ಅಂತ ಸುಮ್ಕಿದ್ವಿ."

ಆ ದಿನದಿಂದ ಸೋದರತ್ತೆಯ ಮಕ್ಕಳ ಮುಖ ನೋಡಿ ಮಾತಾಡಲು ನನಗೆ ಆಗಿಲ್ಲ.