ಎರಡು ಸಲ ಸತ್ತ ಕಡ್ಡಿ

ಸೋಫಾ ಮೇಸ್ತ್ರಿಯ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ರಿಪೇರಿಗೆ ಬಂದ ಸೋಫಾ ಎಷ್ಟೇ ಚೆನ್ನಾಗಿ ಕಾಣಲಿ, ಹೊಲಿಗೆ ಎಷ್ಟೇ ನೇರವಾಗಿರಲಿ, ಕಡ್ಡಿ ಅದರ ಮೇಲೆ ಮಲಗಿ ನಿದ್ದೆ ಹೋಗುವ ತನಕ ಅದು ಗಿರಾಕಿಯ ಮನೆಗೆ ಹೋಗುತ್ತಿರಲಿಲ್ಲ. ಕಡ್ಡಿ ಎಂದರೆ ಅಂಗಡಿಯ ನಾಯಿ. ವಿಪ್ಪೆಟ್ ಜಾತಿಯ ಹೆಣ್ಣು. ಓಡುವುದಕ್ಕೆಂದೇ ಹುಟ್ಟಿದ ನಾಯಿಗಳವು: ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ದೂರದಿಂದಲೇ ಕಾಣುವ ಪಕ್ಕೆಲುಬು. ಓಡದೇ ಇರುವಾಗ ಮೆತ್ತಗಿನ ಜಾಗ ಹುಡುಕಿ ಬಿದ್ದುಕೊಳ್ಳುವುದೇ ಅವುಗಳ ಉದ್ಯೋಗ. ಮೈಮೇಲೆ ಮಾಂಸವಿಲ್ಲದ ಪ್ರಾಣಿ, ಸೋಫಾದ ಒಳಗೆ ಒಂದು ಸ್ಪ್ರಿಂಗು ಸ್ವಲ್ಪ ತಲೆಯೆತ್ತಿದ್ದರೂ ಅದಕ್ಕೆ ಗೊತ್ತಾಗಿಬಿಡುತ್ತಿತ್ತು. ಎದ್ದು, ಮೇಸ್ತ್ರಿಯ ಮುಖವನ್ನು ಒಮ್ಮೆ ನೋಡಿ, ಇಳಿದು ಹೋಗುತ್ತಿತ್ತು. ಮೇಸ್ತ್ರಿ ಗೊಣಗುತ್ತ ಸೋಫಾದ ಬಟ್ಟೆ ಬಿಚ್ಚಿ ಮತ್ತೆ ಕೆಲಸಕ್ಕೆ ಕೂರುತ್ತಿದ್ದ.

"ನಾನು ಯಜಮಾನ ಅನ್ನೋದು ಬೋರ್ಡಲ್ಲಿ ಮಾತ್ರ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಅಸಲಿಗೆ ಕಡ್ಡಿ ಅವನದಲ್ಲ, ಅವನ ತಂಗಿಯದು. ಅಪ್ಪ ಅಮ್ಮ ಬೇಗ ಹೋದ ಮೇಲೆ ಆ ತಂಗಿಯನ್ನು ಸಾಕಿದವನು ಅವನೇ. ಒಂದು ದಿನ ಅವಳು ಓಟದ ಪಂದ್ಯಕ್ಕೆ ನಾಯಿ ಸಾಕುವವನೊಬ್ಬ ಬೇಡವೆಂದು ಬಿಟ್ಟ ಮರಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಬಂದು, "ಅಣ್ಣಾ, ಬೈಬೇಡ, ಮೊದಲು ನೋಡು," ಎಂದಿದ್ದಳು. ಅವನು ನೋಡಿದ, ಅಲ್ಲಿಗೆ ಮುಗಿಯಿತು. ತಂಗಿ ದಿನಾ ಬೆಳಿಗ್ಗೆ ಬೀದಿಯ ಕೊನೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ಅದರ ಜೊತೆ ಓಡುತ್ತಿದ್ದಳು. ಅವಳು ಒಂದು ಸುತ್ತು ಮುಗಿಸುವಷ್ಟರಲ್ಲಿ ನಾಯಿ ನಾಲ್ಕು ಸುತ್ತು ಮುಗಿಸಿ ಬಂದು ಅವಳಿಗಾಗಿ ಕಾಯುತ್ತಿತ್ತು.

ಮದುವೆಯಾಗಿ ಅವಳು ದೂರದ ಪಟ್ಟಣಕ್ಕೆ ಹೋದಳು. ಒಂದು ಹಗಲು ಒಂದು ರಾತ್ರಿಯ ರೈಲು. ಗಂಡನ ಮನೆಯ ಕಟ್ಟಡದಲ್ಲಿ ನಾಯಿ ಸಾಕುವ ಹಾಗಿರಲಿಲ್ಲ, ಕಡ್ಡಿ ಅಣ್ಣನ ಬಳಿ ಉಳಿಯಿತು. ಅಲ್ಲಿ ತಾನು ಕೆಲಸಕ್ಕೆ ಸೇರಿದ್ದ ಬಿಸ್ಕತ್ತು ಕಾರ್ಖಾನೆಯಲ್ಲಿ ರಜೆ ಸಿಕ್ಕಾಗಲೆಲ್ಲ ಅವಳು ಓಡಿ ಬರುತ್ತಿದ್ದಳು. ಬಾಗಿಲಲ್ಲೇ ಚೀಲ ಎಸೆದು, "ಕಡ್ಡೀ!" ಎಂದು ಕೂಗುತ್ತಿದ್ದಳು. ಅಣ್ಣನಿಗೆ ನಮಸ್ಕಾರ ಆಮೇಲೆ.

"ಬಂದಿರೋದು ನನ್ನನ್ನ ನೋಡೋಕಲ್ಲ ಬಿಡು," ಎಂದು ಮೇಸ್ತ್ರಿ ಮುಖ ಊದಿಸುತ್ತಿದ್ದ. ಅರ್ಧ ತಮಾಷೆ, ಇನ್ನರ್ಧ ಅಲ್ಲ.

ಕಡ್ಡಿಗೆ ಹದಿಮೂರು ತುಂಬಿದ ವರ್ಷ ಅದು ಊಟ ಬಿಟ್ಟಿತು. ಪಶುವೈದ್ಯರು ಹೊಟ್ಟೆ ಒತ್ತಿ ನೋಡಿ, ಮೂತ್ರಪಿಂಡ ಕೈಕೊಟ್ಟಿದೆ, ವಿಪ್ಪೆಟ್‌ಗೆ ಇದು ಸಾಯುವ ವಯಸ್ಸೇ, ನಾಳೆಯೋ ನಾಡಿದ್ದೋ ಎಂದರು. ಆ ಹೊತ್ತಿಗೆ ತಂಗಿ ಏಳು ತಿಂಗಳ ಬಸುರಿ. ಬಹಳ ವರ್ಷ ಕಾದು, ಎರಡು ಸಲ ಕಳೆದುಕೊಂಡು ಉಳಿಸಿಕೊಂಡ ಬಸಿರು. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಂಥವಳು ಸುದ್ದಿ ಕೇಳಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತ, "ಇವತ್ತಿನ ರೈಲಿಗೇ ಬರ್ತೀನಿ. ಯಾರು ಏನು ಬೇಕಾದ್ರೂ ಹೇಳ್ಲಿ," ಎಂದಳು. ಅವಳ ಹಟ ಅವನಿಗೆ ಗೊತ್ತಿತ್ತು. ಬಂದೇ ಬರುವವಳು.

ಮೇಸ್ತ್ರಿಯ ನಾಲಗೆ ಅವನ ಅಪ್ಪಣೆಗೆ ಕಾಯಲಿಲ್ಲ. "ಬರ್ಬೇಡ ಕಣೇ. ಹೋಯ್ತು. ಈಗ ತಾನೇ ಹೋಯ್ತು."

ನಾಯಿ ಅವನ ಕಾಲ ಬಳಿಯೇ ಇತ್ತು, ಉಸಿರಾಡುತ್ತಿತ್ತು. ಸಂಜೆಯೊಳಗೆ ಹೇಗೂ ಹೋಗುತ್ತದೆ, ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದುಕೊಂಡ. ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ಕಡ್ಡಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಡ್ಡಿ ಎದ್ದು, ಪಕ್ಕದ ಅಂಗಡಿಯ ಬೀಗದವನು ಬೆಂಚಿನ ಮೇಲಿಟ್ಟಿದ್ದ ಬ್ರೆಡ್ಡನ್ನು ಪೊಟ್ಟಣ ಸಮೇತ ಎಳೆದು ತಿಂದಿತು. ಬೀಗದವನು ಬೈಯುವುದನ್ನೂ ಮರೆತು ಕುಣಿದಾಡಿಬಿಟ್ಟ. ಮೇಸ್ತ್ರಿ ಬಗ್ಗಿ ಹರಿದ ಪೊಟ್ಟಣದ ಚೂರು ಹೆಕ್ಕಿದ. ಖುಷಿಯೋ ಹೆದರಿಕೆಯೋ ಅವನಿಗೇ ಗೊತ್ತಾಗಲಿಲ್ಲ.

"ಫೋನ್ ಮಾಡಿ ಹೇಳ್ಬಿಡಪ್ಪ," ಎಂದ, ಸುಳ್ಳಿನ ಸಂಗತಿ ಗೊತ್ತಿದ್ದ ಬೀಗದವನು.

"ಏನಂತ ಹೇಳ್ಲಿ? ಸತ್ತಿದ್ದು ಎದ್ದು ಬ್ರೆಡ್ ತಿಂತು ಅಂತಲಾ? ನಾಯಿ ಡಾಕ್ಟ್ರು ಇನ್ನೊಂದು ವಾರ ಅಷ್ಟೇ ಅಂತಿದಾರೆ. ಒಂದೇ ನಾಯಿಗೆ ಅವಳು ಎರಡು ಸಲ ಅಳ್ಬೇಕಾ?"

ವಾರ ಕಳೆಯಿತು, ತಿಂಗಳು ಕಳೆಯಿತು. ತಂಗಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ಇಂಥ ಸುದ್ದಿ ಯಾಕೆ ಎಂದು ಮೇಸ್ತ್ರಿ ಸುಮ್ಮನಾದ. ಆಮೇಲೆ ಮಗುವಿಗೆ ಹಲ್ಲು ಬಂತು, ಹೆಜ್ಜೆ ಬಂತು. ಹೇಳುವುದಕ್ಕೆ ಒಳ್ಳೆಯ ದಿನ ಮಾತ್ರ ಬರಲಿಲ್ಲ. ಮೊದಲ ವಾರ ಹೇಳಿದ್ದರೆ ನಕ್ಕುಬಿಡಬಹುದಾಗಿದ್ದ ಮಾತು, ವರ್ಷ ಕಳೆದ ಮೇಲೆ ದ್ರೋಹದ ಹಾಗೆ ಕೇಳುತ್ತದೆ. ಸುಳ್ಳನ್ನು ಬೈಯುವವರು ಇದನ್ನು ಹೇಳುವುದಿಲ್ಲ: ಹೇಳುವುದು ಸುಲಭ, ಅದನ್ನು ಸಾಕುವುದೇ ಕಷ್ಟ.

ಊರಿಗೆ ಬರುತ್ತೇನೆ ಎಂದು ತಂಗಿ ಹೊರಟಾಗಲೆಲ್ಲ ಇಲ್ಲಿ ಒಂದಲ್ಲ ಒಂದು ತೊಂದರೆ ಹುಟ್ಟಿಕೊಳ್ಳುತ್ತಿತ್ತು. ನೀರು ಬರುತ್ತಿಲ್ಲ, ಮಾಡು ಸೋರುತ್ತಿದೆ, ಮಗುವಿಗೆ ಇಲ್ಲಿಯ ಧೂಳು ಆಗುವುದಿಲ್ಲ. "ನಾನೇ ಬರ್ತೀನಿ ಇರು," ಎಂದು ಹೇಳಿ, ನಾಯಿಯನ್ನು ಬೀಗದವನಿಗೆ ಒಪ್ಪಿಸಿ, ಹೊರಡುವ ಮುಂಚೆ ಅಂಗಿ ಪ್ಯಾಂಟಿನ ಮೇಲಿನ ರೋಮವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ರೈಲು ಹತ್ತುತ್ತಿದ್ದ. ಅಲ್ಲಿ ತಂಗಿ ಕಡ್ಡಿಯ ಫೋಟೊ ಗೋಡೆಗೆ ಹಾಕಿದ್ದಳು. ಅದರ ಕೆಳಗೇ ಕೂತು ಊಟ ಮಾಡಬೇಕಾಗುತ್ತಿತ್ತು.

ಕಡ್ಡಿಗೆ ಹದಿನಾರಾಯಿತು, ಹದಿನೇಳಾಯಿತು. ಪಶುವೈದ್ಯರಿಗೆ ಹೆಮ್ಮೆಯೋ ಹೆಮ್ಮೆ.

"ಮೇಸ್ತ್ರಿ, ಇಷ್ಟು ವರ್ಷ ಬದುಕಿದ ವಿಪ್ಪೆಟ್ ನಾನು ನೋಡೇ ಇಲ್ಲ. ಪೇಪರಿನವರಿಗೆ ಹೇಳ್ತೀನಿ, ಒಂದು ಫೋಟೊ ಹಾಕ್ಸೋಣ."

"ಬೇಡ ಡಾಕ್ಟ್ರೇ, ದಮ್ಮಯ್ಯ ಅಂತೀನಿ, ಬೇಡ," ಎಂದು ಮೇಸ್ತ್ರಿ ಕೈ ಮುಗಿದ. ದೃಷ್ಟಿಯಾದೀತೆಂಬ ಹೆದರಿಕೆ ಇರಬೇಕು ಎಂದುಕೊಂಡು ವೈದ್ಯರು ನಕ್ಕರು.

ಬೇರೆಯವರ ನಾಯಿ ಇಷ್ಟು ಕಾಲ ಬದುಕಿದ್ದರೆ ಅವರು ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಮೇಸ್ತ್ರಿ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನಾಯಿಯ ಪಕ್ಕೆ ನೋಡುತ್ತಿದ್ದ. ಪಕ್ಕೆ ಏರಿಳಿದರೆ ಜೀವ ಬರುತ್ತಿತ್ತು, ಅದರ ಬೆನ್ನಿಗೇ 'ಇವತ್ತೂ ಇಲ್ಲ' ಎಂಬ ಮಾತೂ ಮನಸ್ಸಿಗೆ ಬರುತ್ತಿತ್ತು. ಕೈಯಾರೆ ಅನ್ನ ಕಲಸಿ ತಿನ್ನಿಸುವ ಪ್ರಾಣಿಯ ಸಾವನ್ನು ತಾನು ಕಾಯುತ್ತಿದ್ದೇನೆ ಎನ್ನುವುದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಕಡ್ಡಿ ಬದುಕಿರುವಷ್ಟು ಕಾಲ ತಂಗಿಗೆ ತವರಿನ ಬಾಗಿಲು ಮುಚ್ಚಿಯೇ ಇರಬೇಕಿತ್ತು. ಮುಚ್ಚಿದವನು ಅವನೇ.

ಹೀಗಿರುವಾಗ ಒಂದು ಮಧ್ಯಾಹ್ನ ತಂಗಿ ಹೇಳದೆ ಕೇಳದೆ ಬಂದುಬಿಟ್ಟಳು. ಗಂಡನ ಕಡೆಯ ಯಾರದೋ ಮದುವೆಗೆ ಹೋಗುವಾಗ ರೈಲು ಬದಲಿಸಲು ಅರ್ಧ ದಿನ ಸಿಕ್ಕಿತ್ತಂತೆ. ಜೊತೆಯಲ್ಲಿ ಮಗಳು, ಆರು ವರ್ಷಕ್ಕೆ ಹತ್ತಿರದವಳು. ಮೇಸ್ತ್ರಿ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು ಅದಕ್ಕೆ ಗೋಣಿಬಟ್ಟೆ ಇಟ್ಟು ಮೊಳೆ ಬಡಿಯುತ್ತಿದ್ದ. ಬಾಯಿ ತುಂಬ ಸಣ್ಣ ಮೊಳೆ. ಒಂದೊಂದಾಗಿ ತುಟಿಗೆ ತಂದು ಬಡಿಯುವುದು ಆ ಕಸುಬಿನವರ ರೂಢಿ. ಎದುರಿಗೆ ಹಸಿರು ವೆಲ್ವೆಟ್ಟಿನ ಸೋಫಾದ ಮೇಲೆ ಕಡ್ಡಿ ಮಲಗಿತ್ತು. ಹತ್ತೊಂಬತ್ತು ವರ್ಷ. ಬೂದು ಮುಖವೆಲ್ಲ ಬೆಳ್ಳಗಾಗಿ, ಕಣ್ಣಿಗೆ ಪೊರೆ ಕಟ್ಟಿ, ಕಿವಿ ಪೂರ್ತಿ ಹೋಗಿತ್ತು.

ತಂಗಿ ಬಾಗಿಲಲ್ಲೇ ನಿಂತಳು.

"ಇನ್ನೊಂದು ತಂದ್ಯಾ ಅಣ್ಣಾ? ನಂಗೆ ಹೇಳ್ಲೇ ಇಲ್ಲ!"

ಮೊಳೆ ಉಗಿಯುವುದಕ್ಕೆ ಎಷ್ಟು ಹೊತ್ತು ಬೇಕು? ಅಂಗೈಗೆ ಉಗಿದು, ಇಲ್ಲ ಕಣೇ, ಅದೇ ಇದು ಎಂದರೆ ಮುಗಿದೇ ಹೋಗುತ್ತಿತ್ತು. ಮೇಸ್ತ್ರಿ ಮೊಳೆ ಕಚ್ಚಿಕೊಂಡೇ ತಲೆಯಾಡಿಸಿದ, ಹೌದು ಎಂದು.

"ಅಯ್ಯೋ ಪಾಪ, ಎಷ್ಟು ಮುದಿಯಾಗಿದೆ. ಯಾರೋ ಬಿಟ್ಟು ಹೋಗಿದ್ರಾ? ಸಾಕಿದ್ಯಲ್ಲ, ಪುಣ್ಯ ಬರುತ್ತೆ ನಿಂಗೆ."

ಮಗು ಸೋಫಾದ ಬಳಿ ಹೋಗಿ, "ಮಾವಾ, ಇದರ ಹೆಸರೇನು?" ಎಂದು ಕೇಳಿತು.

ಅಷ್ಟರಲ್ಲಿ ಬಾಯಿ ಖಾಲಿಯಾಗಿತ್ತು. ಅವನು, "ಅಜ್ಜಿ ಅಂತೀವಿ," ಎಂದ.

ತಂಗಿ ಸಂಜೆಯವರೆಗೂ ಆ ಸೋಫಾದ ತುದಿಯಲ್ಲೇ ಕೂತಿದ್ದಳು. ನಾಯಿ ಅವಳ ಅಂಗೈಯನ್ನು ಬಹಳ ಹೊತ್ತು ಮೂಸಿ, ಅದರೊಳಗೆ ಗದ್ದವಿಟ್ಟು ನಿದ್ದೆಹೋಯಿತು. ಕೈಯೊಡ್ಡಿದ ಯಾರ ಅಂಗೈಯಲ್ಲಾದರೂ ಅದು ಹಾಗೆ ಗದ್ದವಿಡುತ್ತಿತ್ತು. ಗುರುತು ಹಿಡಿಯಿತೋ ಇಲ್ಲವೋ, ಅಷ್ಟು ವರ್ಷ ಸಾಕಿದ ಮೇಸ್ತ್ರಿಗೂ ತಿಳಿಯಲಿಲ್ಲ.

"ಒಳ್ಳೇ ನಾಯಿ," ಎಂದಳು ತಂಗಿ ಏಳುವಾಗ. "ಆದ್ರೂ ನಮ್ಮ ಕಡ್ಡಿಯಷ್ಟಲ್ಲ ಬಿಡು."

ಸ್ಟೇಷನ್ನಿನಲ್ಲಿ ಅವಳು ಕಿಟಕಿಯಿಂದ ಕೈ ಹೊರಚಾಚಿ ಅವನ ಕೈ ಹಿಡಿದುಕೊಂಡಳು. ಈಗ ಹೇಳುತ್ತೇನೆ ಎಂದು ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ನೀರಿನ ಬಾಟಲಿ ಇದೆಯಾ?" ಎಂಬ ಮಾತು ಹೊರಬಂತು. ರೈಲು ಹೊರಟಿತು.

ಆ ತಿಂಗಳು ಕಳೆಯುವುದರೊಳಗೆ ಕಡ್ಡಿ ಸತ್ತಿತು. ಊಟದ ಹೊತ್ತಿಗೆ ಮೇಸ್ತ್ರಿ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಅವನೂ ಬೀಗದವನೂ ಸೇರಿ ಗೋದಾಮಿನ ಹಿಂದಿನ ಬಯಲಿನಲ್ಲಿ ಮಣ್ಣು ಮಾಡಿ ಬಂದರು. ಆರು ವರ್ಷದ ಹಿಂದಿನ ಸುಳ್ಳು ಕೊನೆಗೂ ನಿಜವಾಗಿತ್ತು. ಮೇಸ್ತ್ರಿಗೆ ಮಾತ್ರ ಹಗುರವಾಗಲಿಲ್ಲ. ಒಬ್ಬನೇ ಅಳುವುದು ಆಗದೆ ಅವನು ತಂಗಿಗೆ ಫೋನು ಮಾಡಿದ.

"ನಾಯಿ ಹೋಯ್ತು ಕಣೇ."

"ಅಯ್ಯೋ, ಆ ಅಜ್ಜೀನಾ? ಹೋಗ್ಲಿ ಬಿಡಣ್ಣ, ಬೇಜಾರು ಮಾಡ್ಕೋಬೇಡ. ವಯಸ್ಸಾಗಿತ್ತು, ಕೊನೇಲಿ ಒಂದು ನೆಲೆ ಸಿಕ್ತಲ್ಲ ಅದಕ್ಕೆ." ಹಿಂದೆ ಕುಕ್ಕರು ಕೂಗುತ್ತಿತ್ತು. ಅವಳು ಮಗಳಿಗೆ ಏನೋ ಗದರಿದಳು. ಬೇರೆಯವರ ನಾಯಿ ಸತ್ತಾಗ ಯಾರಾದರೂ ಹೇಳುವ ಮಾತನ್ನೇ ಅವಳು ಹೇಳಿದ್ದಳು, ಪ್ರೀತಿಯಿಂದಲೇ ಹೇಳಿದ್ದಳು. ಮೇಸ್ತ್ರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಅದು ಕಡ್ಡಿ ಕಣೇ. ನಿನ್ನ ಕಡ್ಡೀನೇ. ಆವತ್ತು ನಾನು ಸುಳ್ಳು ಹೇಳ್ದೆ, ನೀನು ರೈಲು ಹತ್ತಬಾರ್ದು ಅಂತ. ಮಾರನೇ ದಿನ ಅದು ಎದ್ದು ಕೂತ್ಕೊಳ್ತು. ಆಮೇಲೆ ಹೇಳೋಕೇ ಆಗ್ಲಿಲ್ಲ."

ಬೈಯುತ್ತಾಳೆ ಎಂದು ಕಾದ. ಫೋನು ಇಟ್ಟುಬಿಡುತ್ತಾಳೆ ಎಂದು ಕಾದ. ಕುಕ್ಕರು ಮತ್ತೊಮ್ಮೆ ಕೂಗಿತು, ಯಾರೂ ಒಲೆ ಆರಿಸಲು ಹೋಗಲಿಲ್ಲ.

"ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದೆ," ಎಂದಳು ತಂಗಿ ಕೊನೆಗೆ. "ಒಂದು ಸಲಾನೂ ಹೆಸರು ಹಿಡಿದು ಕರೀಲಿಲ್ಲ ನಾನು."

"ಅದಕ್ಕೆ ಕಿವಿ ಕೇಳ್ತಿರ್ಲಿಲ್ಲ ಕಣಮ್ಮ," ಎಂದ ಮೇಸ್ತ್ರಿ. ಅದೊಂದೇ ಸಮಾಧಾನ ಅವನ ಕೈಯಲ್ಲಿ ಉಳಿದಿದ್ದದ್ದು.

"ಅದಕ್ಕೆ ಕೇಳ್ದೇ ಇದ್ರೆ ಏನಾಯ್ತು ಅಣ್ಣ? ನಂಗೆ ಕರೀಬೇಕಿತ್ತು."